ಬುಲೆಟ್ ರೈಲಿನ ದಾರಿ, ಠಾಣೆಯ ಕಾಂಡ್ಲಾ: ನನ್ನ ಅನುಭವ

ಮುಂಬೈ–ಅಹಮದಾಬಾದ್ ಬುಲೆಟ್ ರೈಲಿನ ದಾರಿ ಒಟ್ಟು 508 ಕಿಲೋಮೀಟರ್. ನಾನು ಕೆಲಸ ಮಾಡಿದ್ದು ಮುಂಬೈ ಪಕ್ಕದ ಠಾಣೆ ನಗರದ ಸುತ್ತಲಿನ ಸಣ್ಣ ತುಂಡಿನಲ್ಲಿ ಮಾತ್ರ. ಜಾಗ ನಡೆದು ನೋಡುವುದು, ಕಾಂಡ್ಲಾ, ಅಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡು, ಎಲ್ಲಿದೆ, ಎಷ್ಟಿದೆ ಅಂತ ನಕ್ಷೆಗೆ ಹಾಕುವುದು ನನ್ನ ಪಾಲು. ನಮ್ಮೂರು ಅಘನಾಶಿನಿ ದಡ. ಬಳಚು (ತಿನ್ನುವ ಚಿಪ್ಪು) ಆರಿಸುವವರ ಹಿಂದೆ ಕೆಸರಲ್ಲಿ ಓಡಾಡಿ ಬೆಳೆದವನಿಗೆ ಕಾಂಡ್ಲಾ ಸುಮ್ನೆ ನಕ್ಷೆ ಮೇಲಿನ ಹಸಿರು ಬಣ್ಣ ಅಲ್ಲ.

ಕಾಡು ಅಡ್ಡ ಬಂದರೆ ಹಳಿಯನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿದರಾಯ್ತು ಅಲ್ವಾ ಅಂತ ಬಹಳ ಜನ ಕೇಳುತ್ತಾರೆ. ಅಷ್ಟು ಸುಲಭ ಇಲ್ಲ. ಈ ರೈಲಿನ ವೇಗ ಗಂಟೆಗೆ 320 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಸುಮಾರು 89 ಮೀಟರ್. ಆ ವೇಗಕ್ಕೆ ತಿರುವು ತುಂಬಾ ಅಗಲ ಇರಬೇಕು. 6 ಕಿಲೋಮೀಟರ್ ತ್ರಿಜ್ಯ ಇಟ್ಟುಕೊಂಡು ಲೆಕ್ಕ ಹಾಕಿ: ಬರೀ ಅರ್ಧ ಕಿಲೋಮೀಟರ್ ಪಕ್ಕಕ್ಕೆ ಸರಿಯಲು ಹೆಚ್ಚುಕಮ್ಮಿ ಮೂರೂವರೆ ಕಿಲೋಮೀಟರ್ ಮೊದಲೇ ತಿರುಗಲು ಶುರು ಮಾಡಬೇಕು, ಆ ಉದ್ದದಲ್ಲಿ ಬೇರೆ ಯಾರದೋ ಹೊಲ, ಕೆರೆ, ಮನೆ ಸಿಕ್ಕಿಯೇ ಸಿಗುತ್ತದೆ. ಅದಕ್ಕೇ ಪರಿಸರದ ನಕ್ಷೆ ಮೊದಲು ಬರಬೇಕು, ಹಳಿಯ ಗೆರೆ ಆಮೇಲೆ.

ನಾನು ಎಡವಿದ್ದು ಉಪಗ್ರಹ ಚಿತ್ರದಲ್ಲಿ. ಮೊದಲ ನಕ್ಷೆಗೆ ತೆಗೆದುಕೊಂಡ ಚಿತ್ರ ಭರತದ, ಅಂದರೆ ಸಮುದ್ರದ ನೀರು ಏರಿದ ಹೊತ್ತಿನದು. ನೀರು ಅಂತ ಗುರುತು ಹಾಕಿದ್ದ ಜಾಗಕ್ಕೆ ಇಳಿತದಲ್ಲಿ ಹೋಗಿ ನೋಡಿದರೆ, ಕೆಸರಿನ ತುಂಬಾ ಪೆನ್ಸಿಲ್ ನೆಟ್ಟ ಹಾಗೆ ಕಾಂಡ್ಲಾ ಮರ ಗಾಳಿಗಾಗಿ ಮೇಲೆ ಚಾಚುವ ಉಸಿರುಬೇರುಗಳು, ನಡುನಡುವೆ ಮೊಣಕಾಲೆತ್ತರದ ಎಳೆ ಗಿಡಗಳು! ಒಂದು ಹೆಜ್ಜೆ ಇಟ್ಟರೆ ಬೂಟು ಒಳಗೇ ಉಳಿಯುತ್ತಿತ್ತು. ಆ ಭಾಗವನ್ನೆಲ್ಲ ಮತ್ತೆ ಗುರುತಿಸಿದೆ. ಈಗ ಭರತ, ಇಳಿತ ಎರಡೂ ಹೊತ್ತಿನ ಚಿತ್ರ ಇಲ್ಲದೆ ಕೆಲಸಕ್ಕೆ ಕೈ ಹಾಕುವುದಿಲ್ಲ.

ಠಾಣೆ ಖಾರಿಯಲ್ಲಿ (ಸಮುದ್ರದ ನೀರು ಒಳನುಗ್ಗುವ ಕಿರಿದಾದ ಹಿನ್ನೀರು) ಫ್ಲೆಮಿಂಗೊ ಹಕ್ಕಿಗಳ ಅಭಯಾರಣ್ಯ ಇದೆ. ಅದನ್ನು ಮುಟ್ಟಬಾರದು ಅಂತಲೇ ಅಲ್ಲಿ ಹಳಿ ನೆಲದೊಳಗೆ ಇಳಿಯುತ್ತದೆ. ಮುಂಬೈನ ಬಾಂದ್ರಾ ಕುರ್ಲಾದಿಂದ ಠಾಣೆ ಕಡೆಯ ಶಿಲ್‌ಫಾಟಾವರೆಗೆ 21 ಕಿಲೋಮೀಟರ್ ಸುರಂಗ, ಅದರಲ್ಲಿ 7 ಕಿಲೋಮೀಟರ್ ಖಾರಿಯ ಅಡಿಯಲ್ಲಿ. ಒಳ್ಳೆಯ ನಿರ್ಧಾರ. ಆದರೆ ಸುರಂಗಕ್ಕೂ ಬಾಯಿ ಬೇಕು, ಯಂತ್ರ ಇಳಿಸಲು ದೊಡ್ಡ ಬಾವಿ ಬೇಕು, ಅಗೆದ ಕಲ್ಲುಮಣ್ಣು ಸುರಿಯಲು ಜಾಗ ಬೇಕು. ಇವನ್ನೂ ನಕ್ಷೆಯಲ್ಲಿ ಬಿಡಿಸದೆ ಸುರಂಗದಿಂದ ಏನೂ ಹಾನಿ ಇಲ್ಲ ಅನ್ನುವುದು ತಪ್ಪು. ಉಳಿದ ದಾರಿ ಬಹುಪಾಲು ಕಂಬಗಳ ಮೇಲೆ, ಅದರಿಂದ ನೀರಿಗೂ ದನಕರುಗಳಿಗೂ ದಾರಿ ಉಳಿಯುತ್ತದೆ. ಮಣ್ಣಿನ ಏರಿ ಹಾಕಿದ್ದರೆ ಭರತದ ನೀರು ಆಚೆ ಹೋಗುವುದೇ ನಿಲ್ಲುತ್ತಿತ್ತು, ಕಾಂಡ್ಲಾ ಕಡಿಯದೆಯೂ ಒಣಗುತ್ತಿತ್ತು.

ನನಗೆ ಜಾಸ್ತಿ ಕಲಿಸಿದ್ದು ಠಾಣೆ ನಿಲ್ದಾಣ. ಅಲ್ಲಿ ಹಳಿಗಿಂತ ಜಾಸ್ತಿ ಕಾಂಡ್ಲಾ ನುಂಗುತ್ತಿದ್ದದ್ದು ಗಾಡಿ ನಿಲ್ಲಿಸುವ ಜಾಗ, ಪ್ರಯಾಣಿಕರು ಬಂದು ಹೋಗುವ ಅಂಗಳ. ಅವಕ್ಕೆ ತಿರುವಿನ ಕಟ್ಟು ಇಲ್ಲವಲ್ಲ, ಎಲ್ಲಿಗೆ ಬೇಕಾದರೂ ಸರಿಸಬಹುದು. ನಿಲ್ದಾಣ ಇದ್ದಲ್ಲೇ ಇಟ್ಟು ಅವನ್ನು ಕಾಂಡ್ಲಾದಿಂದ ಆಚೆ ತಳ್ಳಿದಾಗ, 12 ಹೆಕ್ಟೇರಿನಷ್ಟು ಇದ್ದ ಹಾನಿ ಸುಮಾರು 3 ಹೆಕ್ಟೇರಿಗೆ ಇಳಿಯಿತು. ಆ ನಿರ್ಧಾರ ದೊಡ್ಡವರದು, ನನ್ನದಲ್ಲ. ಆದರೂ ಆ ಹೊಸ ನಕ್ಷೆ ನೋಡಿದ ದಿನ ನನಗೆ ನಿಜವಾಗಿ ಖುಷಿಯಾಯಿತು. ಈಗ ಯಾವ ಯೋಜನೆ ಕೈಗೆ ಬಂದರೂ ಮೊದಲು ಹುಡುಕುವುದು ಪಾರ್ಕಿಂಗ್ ಎಲ್ಲಿದೆ, ಕೆಲಸಗಾರರ ಶೆಡ್ ಎಲ್ಲಿ, ಲಾರಿ ಹೋಗುವ ರಸ್ತೆ ಎಲ್ಲಿ ಅಂತ.

ಇಡೀ ದಾರಿಯಲ್ಲಿ ಕಡಿಯಬೇಕಾದ ಕಾಂಡ್ಲಾ ಮರಗಳ ಲೆಕ್ಕ 53 ಸಾವಿರ ದಾಟಿತ್ತು, ಕೊನೆಗೆ ಸುಮಾರು 22 ಸಾವಿರಕ್ಕೆ ಬಂತು. 2022ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಒಪ್ಪಿಗೆ ಕೊಟ್ಟಿತು. ಬದಲಿಗೆ ಒಂದಕ್ಕೆ ಐದು ಸಸಿ ನೆಡುವ ಮಾತು ಇದೆ. ಆ ಸಸಿಗಳನ್ನು ದಿನಕ್ಕೆ ಎರಡು ಸಲ ಭರತ ಬಂದು ಹೋಗುವ ಕೆಸರಿನಲ್ಲೇ ನೆಡಬೇಕು. ನೆಟ್ಟ ದಿನದ ಫೋಟೊ ನನಗೆ ಬೇಡ, ಮೂರು ಮಳೆಗಾಲ ಕಳೆದ ಮೇಲೆ ಇಳಿತದ ಹೊತ್ತಲ್ಲಿ ಹೋಗಿ ಎಣಿಸಿದ ಲೆಕ್ಕ ಬೇಕು.