ಆಪ್ಟ್ ಕೆಟ್ಟಿದೆ ಎನ್ನುವ ಮೊದಲು: ಲ್ಯಾಬ್ ಕಂಪ್ಯೂಟರುಗಳಲ್ಲಿ ನಾನು ನೋಡುವ ಕ್ರಮ

ಮಳೆಗಾಲ ಹಿಡಿಯಿತೆಂದರೆ ಸಕಲೇಶಪುರ, ಮೂಡಿಗೆರೆ ಕಡೆಯ ಕಾಲೇಜು ಲ್ಯಾಬುಗಳಿಂದ ಬರುವ ದೂರು ಹೆಚ್ಚುಕಮ್ಮಿ ಒಂದೇ: "ಸರ್, ಉಬುಂಟು ಅಪ್‌ಡೇಟ್ ಆಗ್ತಿಲ್ಲ, ಏನು ಹಾಕೋಕೆ ಹೋದ್ರೂ ಎರರ್ ಬರ್ತಿದೆ. ಫಾರ್ಮ್ಯಾಟ್ ಮಾಡಿಬಿಡೋಣ್ವಾ?" ಬೇಡ. ಪ್ಯಾಕೇಜ್ ವ್ಯವಸ್ಥೆ, ಅಂದರೆ ತಂತ್ರಾಂಶಗಳನ್ನು ಹಾಕುವ, ತೆಗೆಯುವ ಏರ್ಪಾಡು, ನಿಜವಾಗಿ ಸರಿಪಡಿಸಲಾಗದಷ್ಟು ಹಾಳಾಗುವುದು ಅಪರೂಪ. ಬಹುಪಾಲು ತೊಂದರೆ ಹೊರಗಿನದು: ಡಿಸ್ಕ್ ತುಂಬಿದೆ, ತಾರೀಖು ತಪ್ಪಿದೆ, ಅಪ್‌ಡೇಟ್ ನಡುವೆ ಕರೆಂಟ್ ಹೋಗಿದೆ. ಆದ್ದರಿಂದ ರಿಪೇರಿ ಕಮಾಂಡ್ ಒಂದನ್ನೂ ಕೊಡದೆ ಮೊದಲು ಬರೀ ನೋಡುವುದು ನನ್ನ ರೂಢಿ. ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ ಐದಾರು ಕಮಾಂಡುಗಳನ್ನು ಒಂದರ ಹಿಂದೆ ಒಂದು ಓಡಿಸಿದ ಯಂತ್ರ ಕೈಗೆ ಬಂದರೆ, ಮೂಲ ದೋಷ ಯಾವುದು, ಆಮೇಲೆ ಸೇರಿದ್ದು ಯಾವುದು ಎಂದು ಬಿಡಿಸುವುದೇ ದೊಡ್ಡ ಕೆಲಸವಾಗುತ್ತದೆ.

ಉಬುಂಟು, ಡೆಬಿಯನ್ ಎಂಬ ಲಿನಕ್ಸ್ ಬಗೆಗಳಲ್ಲಿ ಈ ಪ್ಯಾಕೇಜ್ ವ್ಯವಸ್ಥೆಗೆ ಎರಡು ಪದರ. ಕೆಳಗಿನದು ಡಿಪಿಕೆಜಿ. ಡೆಬ್ ಫೈಲ್ (ಪ್ಯಾಕೇಜಿನ ಕಟ್ಟು) ಬಿಚ್ಚಿ ಒಳಗಿರುವುದನ್ನು ಜಾಗಕ್ಕೆ ಇಟ್ಟು, ಯಾವ ಪ್ಯಾಕೇಜ್ ಯಾವ ಸ್ಥಿತಿಯಲ್ಲಿದೆ ಎಂದು /ವಾರ್/ಲಿಬ್/ಡಿಪಿಕೆಜಿ/ಸ್ಟೇಟಸ್ ಎಂಬ ಫೈಲಿನಲ್ಲಿ ಬರೆದಿಡುವುದು ಅದರ ಕೆಲಸ. ಮೇಲಿನದು ಆಪ್ಟ್. ಸರ್ವರಿನಿಂದ ಪಟ್ಟಿ ತಂದು, ಯಾವುದಕ್ಕೆ ಯಾವುದು ಬೇಕೆಂದು ಲೆಕ್ಕ ಹಾಕಿ, ಇಳಿಸಿಕೊಂಡು ಡಿಪಿಕೆಜಿಯ ಕೈಗೆ ಕೊಡುತ್ತದೆ. ಪರೀಕ್ಷೆ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಕೆಳಗೆ ಅರ್ಧಕ್ಕೆ ನಿಂತ ಕೆಲಸವಿದ್ದರೆ ಮೇಲಿನ ಆಪ್ಟ್ ಏನು ಮಾಡಲೂ ಒಪ್ಪುವುದಿಲ್ಲ.

ಎಲ್ಲಕ್ಕಿಂತ ಮೊದಲು 'ಡಿಎಫ್ -ಎಚ್' ಮತ್ತು 'ಡಿಎಫ್ -ಐ'. ಮೊದಲನೆಯದು ಜಾಗ ತೋರಿಸುತ್ತದೆ, ಎರಡನೆಯದು ಐನೋಡ್, ಅಂದರೆ ಪ್ರತಿ ಫೈಲಿಗೂ ಡಿಸ್ಕಿನಲ್ಲಿ ಬೇಕಾಗುವ ದಾಖಲೆ. ಜಾಗ ಇದ್ದೂ ಐನೋಡ್ ನೂರಕ್ಕೆ ನೂರು ತುಂಬಿದ್ದರೆ ಹೊಸ ಫೈಲ್ ಹುಟ್ಟುವುದಿಲ್ಲ. ಎರರ್ ಮಾತ್ರ 'ಜಾಗ ಇಲ್ಲ' ಎಂದೇ ಬರುತ್ತದೆ. /ಬೂಟ್ ಪ್ರತ್ಯೇಕ ಪಾರ್ಟಿಷನ್ ಆಗಿದ್ದರೆ ಅದನ್ನು ಬೇರೆಯಾಗಿ ನೋಡಿ. ಹಳೆಯ ಕರ್ನಲ್‌ಗಳು (ಲಿನಕ್ಸಿನ ತಿರುಳು) ಅಲ್ಲಿ ಕೂತಿರುತ್ತವೆ, ಹೊಸದರ ಇನಿಟ್‌ರಾಮ್‌ಎಫ್‌ಎಸ್ (ಯಂತ್ರ ಶುರುವಾಗುವಾಗ ಬೇಕಾದ ಫೈಲ್) ಬರೆಯುವಾಗ ಜಾಗ ಸಾಲದೆ ಕರ್ನಲ್ ಪ್ಯಾಕೇಜ್ ಅರ್ಧಕ್ಕೆ ನಿಲ್ಲುತ್ತದೆ. 'ಆಪ್ಟ್ ಆಟೋರಿಮೂವ್ --ಪರ್ಜ್' ಸಾಮಾನ್ಯವಾಗಿ ಸಾಕು. ಅದೂ ಒಪ್ಪದಿದ್ದರೆ 'ಯುನೇಮ್ -ಆರ್' ಕೊಟ್ಟು ಈಗ ಓಡುತ್ತಿರುವ ಕರ್ನಲ್ ಯಾವುದೆಂದು ಗುರುತು ಮಾಡಿಕೊಂಡು, ಅದನ್ನು ಮುಟ್ಟದೆ, ತೀರಾ ಹಳೆಯದೊಂದನ್ನು ಡಿಪಿಕೆಜಿಯಿಂದಲೇ ತೆಗೆಯುತ್ತೇನೆ.

ಮುಂದಿನದು ತಾರೀಖು. ಹಳೆಯ ಡೆಸ್ಕ್‌ಟಾಪುಗಳಲ್ಲಿ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿರುತ್ತದೆ. ಕರೆಂಟ್ ಹೋಗಿ ಬಂದರೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಆಪ್ಟ್ 'ರಿಲೀಸ್ ಫೈಲ್ ಇನ್ನೂ ಚಾಲ್ತಿಗೆ ಬಂದಿಲ್ಲ' ಎನ್ನುತ್ತದೆ, ಎಚ್‌ಟಿಟಿಪಿಎಸ್ ಸೈಟುಗಳೂ ಸರ್ಟಿಫಿಕೇಟ್ ಎರರ್ ಕೊಡುತ್ತವೆ. 'ಟೈಮ್‌ಡೇಟ್‌ಸಿಟಿಎಲ್' ಓಡಿಸಿದರೆ ತಾರೀಖೂ ಕಾಣುತ್ತದೆ, ನೆಟ್‌ವರ್ಕ್ ಸಮಯಕ್ಕೆ ಹೊಂದಿಕೊಂಡಿದೆಯೇ ಎಂಬುದೂ ಕಾಣುತ್ತದೆ. ಸೆಲ್ ಬದಲಿಸದೆ ಬರೀ ತಾರೀಖು ತಿದ್ದಿದರೆ ಮತ್ತೊಂದು ಕರೆಂಟ್ ಕಟ್ಟಿಗೆ ಅದೇ ಕತೆ.

ಈಗ ಡಿಪಿಕೆಜಿ. 'ಡಿಪಿಕೆಜಿ --ಆಡಿಟ್' ಕೊಡಿ. ಏನೂ ಬರದೆ ಪ್ರಾಂಪ್ಟ್ ವಾಪಸ್ ಬಂದರೆ ಅದೇ ಒಳ್ಳೆಯ ಉತ್ತರ. ಬಂದರೆ ಅರ್ಧ ಬಿಚ್ಚಿದ, ಬಿಚ್ಚಿಯೂ ಕಾನ್ಫಿಗರ್ ಆಗದ ಪ್ಯಾಕೇಜುಗಳ ಹೆಸರು ಬರುತ್ತದೆ. ಜೊತೆಗೆ 'ಡಿಪಿಕೆಜಿ -ಎಲ್' ಪಟ್ಟಿಯ ಮೊದಲ ಕಾಲಮ್ ನೋಡುತ್ತೇನೆ. 'ಐಐ' ಇದ್ದರೆ ಸರಿ. 'ಆರ್‌ಸಿ' ಎಂದರೆ ಪ್ಯಾಕೇಜ್ ತೆಗೆದಾಗಿದೆ, ಅದರ ಕಾನ್ಫಿಗ್ ಫೈಲುಗಳು ಮಾತ್ರ ಉಳಿದಿವೆ, ಹೆದರಬೇಕಿಲ್ಲ. 'ಐಯು', 'ಐಎಫ್', 'ಐಎಚ್' ಕಂಡರೆ ಅಲ್ಲಿ ಕೆಲಸ ಬಾಕಿ ಇದೆ. ಮೂರನೇ ಅಕ್ಷರವಾಗಿ 'ಆರ್' ಬಂದರೆ ಆ ಪ್ಯಾಕೇಜನ್ನು ಮರು ಇನ್‌ಸ್ಟಾಲ್ ಮಾಡಲೇಬೇಕು.

ಆಮೇಲೆ 'ಸುಡೊ ಆಪ್ಟ್-ಗೆಟ್ ಚೆಕ್'. ಇದು ಅವಲಂಬನೆಗಳ ಲೆಕ್ಕ ತಾಳೆ ನೋಡುತ್ತದೆ, ಯಾವುದನ್ನೂ ಬದಲಿಸುವುದಿಲ್ಲ. ತಪ್ಪಿದ್ದರೆ 100 ಎಂಬ ಎಕ್ಸಿಟ್ ಕೋಡ್ ಕೊಡುವುದರಿಂದ, ಲ್ಯಾಬಿನ ಎಲ್ಲ ಯಂತ್ರಗಳಿಗೂ ಎಸ್‌ಎಸ್‌ಎಚ್ ಮೂಲಕ ಒಂದೇ ಸ್ಕ್ರಿಪ್ಟ್ ಓಡಿಸಿ ಕೆಟ್ಟವನ್ನು ಮಾತ್ರ ಆರಿಸಿಕೊಳ್ಳಬಹುದು. 'ಆಪ್ಟ್-ಮಾರ್ಕ್ ಶೋಹೋಲ್ಡ್' ಸಹ ಒಮ್ಮೆ ನೋಡಿ. ಯಾರೋ ಎಂದೋ ತಡೆದಿಟ್ಟ ಒಂದು ಪ್ಯಾಕೇಜ್ ಇಡೀ ಅಪ್‌ಗ್ರೇಡ್ ನಿಲ್ಲಿಸಿರುತ್ತದೆ. ಆದರೆ 'ಕೆಪ್ಟ್ ಬ್ಯಾಕ್' ಎಂದು ಕೆಲವು ಹೆಸರು ಬಂದ ಮಾತ್ರಕ್ಕೆ ಗಾಬರಿ ಬೇಡ. ಉಬುಂಟು ಅಪ್‌ಡೇಟುಗಳನ್ನು ಹಂತಹಂತವಾಗಿ ಹಂಚುತ್ತದೆ, ನಿಮ್ಮ ಯಂತ್ರದ ಸರದಿ ಬಂದಾಗ ತಾನಾಗಿ ಬರುತ್ತದೆ.

ಎರರ್ ಓದುವಾಗ ಕೊನೆಯ ಸಾಲನ್ನು ಬಿಡಿ. 'ಡಿಪಿಕೆಜಿ ಎರರ್ ಕೋಡ್ 1 ಕೊಟ್ಟಿತು' ಎಂಬ ಆ ಸಾಲಿನಿಂದ ಏನೂ ತಿಳಿಯದು, ಎಲ್ಲರೂ ಫೋಟೋ ತೆಗೆದು ಕಳಿಸುವುದು ಮಾತ್ರ ಅದನ್ನೇ. ಬೇಕಾದದ್ದು ಮೊದಲ ಎರರ್. ಸ್ಕ್ರೀನಿನಲ್ಲಿ ಮೇಲೆ ಸರಿದು ಹೋಗಿದ್ದರೆ /ವಾರ್/ಲಾಗ್/ಆಪ್ಟ್/ಟರ್ಮ್.ಲಾಗ್ ಒಳಗೆ ಸಿಗುತ್ತದೆ. ಪ್ರಿಂಟರ್ ಡ್ರೈವರಿನಂಥ ಹೊರಗಿನ ಡೆಬ್ ಫೈಲುಗಳಲ್ಲಿ ಪೋಸ್ಟ್‌ಇನ್‌ಸ್ಟ್ ಸ್ಕ್ರಿಪ್ಟ್ (ಪ್ಯಾಕೇಜ್ ಬಿಚ್ಚಿದ ಮೇಲೆ ಓಡುವುದು) ಸೋಲುವುದು ಬಹಳ. ಒಂದು ಸೋತರೆ ಅದನ್ನು ನಂಬಿದ ಮಿಕ್ಕವೂ ಸಾಲಾಗಿ ನಿಲ್ಲುತ್ತವೆ, ಮೂಲ ಒಂದೇ.

ಲಾಕ್ ಎರರ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ಪ್ಯಾಕೇಜುಗಳನ್ನು ಮುಟ್ಟಲಿ ಎಂದು ಹಾಕುವ ಬೀಗವೇ ಲಾಕ್. ಉಬುಂಟುವಿನ ತಾನಾಗಿ ಅಪ್‌ಡೇಟ್ ಆಗುವ ಟೈಮರ್ ಬೆಳಿಗ್ಗೆ 6ರ ಹೊತ್ತಿಗೆ ಇಡಲ್ಪಟ್ಟಿದೆ. ಆಗ ಯಂತ್ರ ಆಫ್ ಆಗಿದ್ದರೆ ಆನ್ ಮಾಡಿದ ಮೇಲೆ ಓಡುತ್ತದೆ. ಅಂದರೆ ಬೆಳಿಗ್ಗೆ ಲ್ಯಾಬ್ ತೆರೆದಾಗ ಎಲ್ಲ ಕಂಪ್ಯೂಟರುಗಳೂ ಒಟ್ಟಿಗೆ ಅಪ್‌ಡೇಟಿಗೆ ಇಳಿಯುತ್ತವೆ, ನೆಟ್ ನಿಧಾನವಾಗುತ್ತದೆ, ಟರ್ಮಿನಲ್ಲಿನಲ್ಲಿ ಲಾಕ್ ಸಿಗಲಿಲ್ಲ ಎಂಬ ಎರರ್ ಬರುತ್ತದೆ. ಆಗ ಲಾಕ್ ಫೈಲ್ ಅಳಿಸಬೇಡಿ. ಅಳಿಸಿದರೆ ಎರಡು ಡಿಪಿಕೆಜಿ ಒಂದೇ ಸ್ಟೇಟಸ್ ಫೈಲಿಗೆ ಬರೆಯಲು ಹೋಗಿ ನಿಜವಾದ ಹಾನಿ ಆಗುತ್ತದೆ. ಎರರ್‌ನಲ್ಲೇ ಪ್ರೊಸೆಸ್ ಸಂಖ್ಯೆ ಇರುತ್ತದೆ, 'ಪಿಎಸ್' ಕೊಟ್ಟು ಯಾವುದೆಂದು ನೋಡಿ ಮುಗಿಯುವ ತನಕ ಕಾಯಿರಿ. ಯುಪಿಎಸ್ ಬ್ಯಾಟರಿ ಸೋತ ಲ್ಯಾಬಿನಲ್ಲಿ ಈ ಟೈಮರ್ ನಿಲ್ಲಿಸಿ, ಕರೆಂಟ್ ಗಟ್ಟಿ ಇರುವ ಹೊತ್ತು ನೋಡಿ ಕೈಯಾರೆ ಅಪ್‌ಡೇಟ್ ಮಾಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಕರೆಂಟ್ ಹೋಗಿ ಅರ್ಧಕ್ಕೆ ನಿಂತದ್ದಕ್ಕೆ ಮದ್ದು ಸರಳ. ಮೊದಲು ಸ್ಟೇಟಸ್ ಫೈಲಿನ ಪ್ರತಿ ಪೆನ್‌ಡ್ರೈವಿಗೆ. ನಂತರ 'ಡಿಪಿಕೆಜಿ --ಕಾನ್ಫಿಗರ್ -ಎ'. ಅದರ ಮೇಲೂ ಉಳಿದರೆ 'ಆಪ್ಟ್-ಗೆಟ್ -ಎಫ್ ಇನ್‌ಸ್ಟಾಲ್', ಆದರೆ ಮೊದಲ ಸಲ '-ಎಸ್' ಸೇರಿಸಿ. ಆಗ ಅದು ಮಾಡದೆ, ಏನು ಮಾಡಲಿದೆ ಎಂದಷ್ಟೇ ತೋರಿಸುತ್ತದೆ. ತೆಗೆಯುವ ಪಟ್ಟಿಯಲ್ಲಿ ಉಬುಂಟು-ಡೆಸ್ಕ್‌ಟಾಪ್ ಕಂಡರೆ ಅಲ್ಲೇ ನಿಲ್ಲಿಸಿ, ಕಾರಣ ಹುಡುಕಿ.

ಇನ್ನೊಂದು ಬಗೆಯ ಪೆಟ್ಟು ಹೀಗಿರುತ್ತದೆ: 'ಫಾಂಟ್ಸ್-ಗುಬ್ಬಿ' ಪ್ಯಾಕೇಜಿನ ಫೈಲ್ ಪಟ್ಟಿಯ ಕೊನೆಯಲ್ಲಿ ನ್ಯೂಲೈನ್ ಇಲ್ಲ ಎಂದು ಡಿಪಿಕೆಜಿ ನಿಂತುಬಿಡುತ್ತದೆ. ಕನ್ನಡ ಫಾಂಟಿನ ತಪ್ಪಲ್ಲ ಇದು. /ವಾರ್/ಲಿಬ್/ಡಿಪಿಕೆಜಿ/ಇನ್ಫೋ ಒಳಗಿನ ಫಾಂಟ್ಸ್-ಗುಬ್ಬಿ.ಲಿಸ್ಟ್ ಎಂಬ ಪುಟ್ಟ ಫೈಲನ್ನು ಡಿಸ್ಕಿಗೆ ಬರೆಯುತ್ತಿದ್ದಾಗಲೇ ಕರೆಂಟ್ ಹೋಗಿ ಅದು ತುಂಡಾಗಿರುತ್ತದೆ, ಇಲ್ಲವೇ ಅಕ್ಷರಗಳ ಜಾಗದಲ್ಲಿ ಬರೀ ಸೊನ್ನೆ ಬೈಟುಗಳಿರುತ್ತವೆ. ಆ ಒಂದು ಫೈಲನ್ನು ಬೇರೆ ಕಡೆ ಸರಿಸಿ 'ಆಪ್ಟ್ ಇನ್‌ಸ್ಟಾಲ್ --ರಿಇನ್‌ಸ್ಟಾಲ್ ಫಾಂಟ್ಸ್-ಗುಬ್ಬಿ' ಕೊಟ್ಟರೆ ಪಟ್ಟಿ ಹೊಸದಾಗಿ ಬರುತ್ತದೆ. ನಡುವೆ 'ಪಟ್ಟಿ ಕಾಣೆಯಾಗಿದೆ' ಎಂದು ಎಚ್ಚರಿಕೆ ಬಂದರೂ ಕೆಲಸ ಮುಂದುವರಿಯುತ್ತದೆ. ಇಂಥ ಪೆಟ್ಟು ಒಂದಕ್ಕೇ ಬೀಳುವುದು ಕಡಿಮೆ, ಅದೇ ಫೋಲ್ಡರಿನಲ್ಲಿ ಸೊನ್ನೆ ಬೈಟಿನ ಮಿಕ್ಕ ಲಿಸ್ಟ್ ಫೈಲುಗಳನ್ನೂ ಹುಡುಕಿ.

ಸ್ಟೇಟಸ್ ಫೈಲೇ ಹಾಳಾದರೆ? ಪಕ್ಕದಲ್ಲೇ ಸ್ಟೇಟಸ್-ಓಲ್ಡ್ ಇದೆ. /ವಾರ್/ಬ್ಯಾಕಪ್ಸ್ ಒಳಗೆ ಡಿಪಿಕೆಜಿ.ಸ್ಟೇಟಸ್.0 ಮತ್ತು ಅದಕ್ಕೂ ಹಳೆಯ ಜಿಜಿಪ್ ಪ್ರತಿಗಳಿವೆ. ಸರಿಯಿರುವ ಇತ್ತೀಚಿನದನ್ನು ಜಾಗಕ್ಕೆ ತಂದು, ಆ ಪ್ರತಿಯ ನಂತರ ಏನೇನು ಹಾಕಿದ್ದಾರೆಂದು /ವಾರ್/ಲಾಗ್/ಡಿಪಿಕೆಜಿ.ಲಾಗ್ ನೋಡಿ ಅವನ್ನು ಮತ್ತೆ ಹಾಕಬೇಕು.

ಇಷ್ಟಾದ ಮೇಲೆ 'ಡಿಪಿಕೆಜಿ --ವೆರಿಫೈ'. ಪ್ರತಿ ಫೈಲಿನ ಎಂಡಿ5 ಮೊತ್ತ (ಫೈಲಿನ ಒಳಗಿನಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ತಾಳೆ ನೋಡುವುದರಿಂದ ಹಾರ್ಡ್ ಡಿಸ್ಕ್ ಯಂತ್ರಗಳಲ್ಲಿ ಹೊತ್ತು ಹಿಡಿಯುತ್ತದೆ. ಸಾಲಿನಲ್ಲಿ ಪ್ರಶ್ನೆ ಚಿಹ್ನೆಗಳ ನಡುವೆ 5 ಕಂಡರೆ ಆ ಫೈಲ್ ಬದಲಾಗಿದೆ. ಪಕ್ಕದಲ್ಲಿ 'ಸಿ' ಇದ್ದರೆ ಅದು ಕಾನ್ಫಿಗ್ ಫೈಲ್, ಯಾರೋ ತಿದ್ದಿರುತ್ತಾರೆ, ಸಹಜ. 'ಸಿ' ಇಲ್ಲದ ಲೈಬ್ರರಿ ಫೈಲುಗಳು ಬದಲಾಗಿದ್ದರೆ ಡಿಸ್ಕನ್ನೇ ಅನುಮಾನಿಸಬೇಕು: 'ಸ್ಮಾರ್ಟ್‌ಸಿಟಿಎಲ್ -ಎ' ಕೊಟ್ಟು ಪೆಂಡಿಂಗ್ ಸೆಕ್ಟರ್ (ಓದಲು ತೊಂದರೆ ಕೊಡುತ್ತಿರುವ ಡಿಸ್ಕ್ ತುಣುಕು), ರಿಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿ ಹಾಕಿದ ತುಣುಕು) ಸಂಖ್ಯೆ ನೋಡಿ. ಅವು ಏರುತ್ತಿದ್ದರೆ ಪ್ಯಾಕೇಜ್ ರಿಪೇರಿ ಬಿಟ್ಟು ಮೊದಲು ಡೇಟಾ ಎತ್ತಿಟ್ಟುಕೊಳ್ಳಿ.

ನೆಟ್ ಕಡೆಯ ದೋಷ ಕೊನೆಗೆ. ಮರ ಬಿದ್ದು ಫೈಬರ್ ಹರಿದು, ಪಟ್ಟಿ ಅರ್ಧ ಇಳಿದಿದ್ದರೆ 'ಹ್ಯಾಶ್ ಸಮ್ ಮಿಸ್‌ಮ್ಯಾಚ್' (ಇಳಿದ ಫೈಲಿನ ಗುರುತು ಸಂಖ್ಯೆ ತಾಳೆಯಾಗುತ್ತಿಲ್ಲ) ಎಂದು ಬರಬಹುದು. /ವಾರ್/ಲಿಬ್/ಆಪ್ಟ್/ಲಿಸ್ಟ್ಸ್ ಒಳಗಿನದನ್ನು ಅಳಿಸಿ 'ಆಪ್ಟ್ ಅಪ್‌ಡೇಟ್' ಕೊಟ್ಟರೆ ಸಾಕು. ಲ್ಯಾಬಿನಲ್ಲಿ ಆಪ್ಟ್-ಕ್ಯಾಷರ್-ಎನ್‌ಜಿ (ಒಮ್ಮೆ ಇಳಿಸಿದ ಪ್ಯಾಕೇಜುಗಳನ್ನು ಇಟ್ಟುಕೊಂಡು ಎಲ್ಲ ಯಂತ್ರಗಳಿಗೂ ಹಂಚುವ ಪ್ರೋಗ್ರಾಂ) ಇಟ್ಟಿದ್ದರೆ, 3142 ಪೋರ್ಟಿನ ಪ್ರಾಕ್ಸಿ ಫೈಲನ್ನು ಸ್ವಲ್ಪ ಹೊತ್ತು ಆಚೆ ಇಟ್ಟು ನೇರವಾಗಿ ಪ್ರಯತ್ನಿಸಿ. ಆಗ ಸರಿಹೋದರೆ ಕೆಟ್ಟಿರುವುದು ಕ್ಯಾಷ್. ಉಬುಂಟು 20.04 ಆವೃತ್ತಿ ಇನ್ನೂ ಓಡುತ್ತಿರುವ ಲ್ಯಾಬುಗಳಿಗೆ ಒಂದು ಮಾತು: ಅದರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೆ ಮುಗಿದಿದೆ. ಅಪ್‌ಡೇಟ್ ಬರುತ್ತಿಲ್ಲ ಎಂದರೆ ಅಲ್ಲಿ ಕೆಟ್ಟದ್ದೇನೂ ಇಲ್ಲ, ಆವೃತ್ತಿ ಬದಲಿಸಬೇಕು ಅಷ್ಟೇ.

ಬ್ಯಾಕಪ್ ಪ್ರತಿಗಳೂ ಹೋಗಿ ಫಾರ್ಮ್ಯಾಟ್ ಅನಿವಾರ್ಯವೇ ಆದರೆ, ಅದೇ ಲ್ಯಾಬಿನ ಸರಿಯಿರುವ ಇನ್ನೊಂದು ಯಂತ್ರದಲ್ಲಿ 'ಆಪ್ಟ್-ಮಾರ್ಕ್ ಶೋಮ್ಯಾನುಯಲ್' ಕೊಟ್ಟು ಬಂದ ಪಟ್ಟಿಯನ್ನು ಉಳಿಸಿಕೊಂಡು, ಹೊಸ ಇನ್‌ಸ್ಟಾಲ್ ಆದ ಮೇಲೆ ಅದನ್ನೇ ಆಪ್ಟ್‌ಗೆ ಕೊಡಿ. ಹೊರಗಿನ ಡೆಬ್ ಫೈಲುಗಳ ಹೆಸರನ್ನು ಪಟ್ಟಿಯಿಂದ ಮೊದಲೇ ತೆಗೆದಿರಿ, ಸರ್ವರಿನಲ್ಲಿ ಸಿಗದ ಒಂದು ಹೆಸರಿದ್ದರೂ ಆಪ್ಟ್ ಇಡೀ ಪಟ್ಟಿಯನ್ನೇ ನಿರಾಕರಿಸುತ್ತದೆ.