ತೋಟ ಮಾರಾಟಕ್ಕೆ ಬಂದಾಗ ನನ್ನ ಗೊಬ್ಬರದ ಬಾಕಿ ವಸೂಲಾದದ್ದು ಹೀಗೆ

ಮೂಡಿಗೆರೆಯಲ್ಲಿ ನನ್ನದು ಗೊಬ್ಬರದ ಅಂಗಡಿ. ಪೊಟ್ಯಾಷ್, ಯೂರಿಯಾ, ಬೋರ್ಡೋ ಅನ್ನುವ ಶಿಲೀಂಧ್ರನಾಶಕ ದ್ರಾವಣಕ್ಕೆ ಬೇಕಾದ ಮೈಲುತುತ್ತ, ಸುಣ್ಣ ಎಲ್ಲ ತೋಟಗಳಿಗೆ ಉದ್ರಿಯ ಮೇಲೇ ಹೋಗುತ್ತವೆ. ಕಾಫಿ ಮಾರಿದ ಮೇಲೆ ಲೆಕ್ಕ ಚುಕ್ತಾ. ಹಾಗೆ ವ್ಯವಹಾರ ಇದ್ದ ಬೆಳೆಗಾರರೊಬ್ಬರು ತೀರಿಕೊಂಡರು. ತಿಥಿ ಮುಗಿಯುವ ತನಕ ಆ ಮನೆಯಲ್ಲಿ ಬಾಕಿಯ ಮಾತು ಎತ್ತಲಿಲ್ಲ. ಅದು ಸರಿಯೂ ಅಲ್ಲ, ಅಲ್ವಾ?

ವಿಲ್‌ನಲ್ಲಿ ಭಾವಮೈದನನ್ನು ಎಕ್ಸಿಕ್ಯೂಟರ್, ಅಂದರೆ ವಿಲ್ ಜಾರಿ ಮಾಡುವವರು, ಅಂತ ಮಾಡಿದ್ದರು. ಮಕ್ಕಳಲ್ಲಿ ತಕರಾರು ಇದ್ದುದರಿಂದ ಅವರು ಚಿಕ್ಕಮಗಳೂರಿನ ಜಿಲ್ಲಾ ಕೋರ್ಟಿನಲ್ಲಿ ಪ್ರೊಬೇಟ್ (ವಿಲ್ ಸಾಚಾ ಅಂತ ಕೋರ್ಟ್ ಕೊಡುವ ದೃಢೀಕರಣ) ಪಡೆದರು. ಹಿಂದೆಯೇ ತೋಟಕ್ಕೆ ಗಿರಾಕಿ ಬಂದಿದ್ದಾರೆ ಅಂತ ತೋಟದ ಲೆಕ್ಕ ಬರೆಯುವ ರೈಟ್ರು ಹೇಳಿದರು.

ಮೊದಲು ಲೆಜರ್ ತೆಗೆದೆ. ಪ್ರತಿ ಮಾರ್ಚ್ ಕೊನೆಗೆ 'ಇಷ್ಟು ಬಾಕಿ ಇರುವುದು ಸರಿ' ಅಂತ ಬರೆಸಿ, ತಾರೀಖು ಹಾಕಿಸಿ ಸಹಿ ಪಡೆಯುವುದು ನನ್ನ ರೂಢಿ. ಸರಕಿನ ಬಾಕಿಗೆ ದಾವಾ ಹಾಕಲು ವಾಯಿದೆ 3 ವರ್ಷ. ಅದು ಮುಗಿಯುವ ಮೊದಲೇ ಹೀಗೆ ಬರೆದು ಒಪ್ಪಿಕೊಂಡರೆ ಅಂದಿನಿಂದ ಮತ್ತೆ 3 ವರ್ಷ ಸಿಗುತ್ತದೆ. ಆ ಒಂದು ಸಾಲೇ ನನಗೆ ಆಧಾರ.

ಬ್ಯಾಂಕಿಗೆ ಅಡಮಾನ ಇತ್ತು. ನನಗೆ ಅಂಥದ್ದೇನೂ ಇಲ್ಲ, ನನ್ನ ಬಾಕಿ ಇಸಿಯಲ್ಲಿ (ಆಸ್ತಿಯ ಋಣಭಾರ ಪತ್ರ) ಕಾಣುವುದೂ ಇಲ್ಲ. ಕ್ರಯದ ದುಡ್ಡು ಮಕ್ಕಳಿಗೆ ಹಂಚಿಹೋದರೆ ಅವರಿಂದ ವಾಪಸ್ ಕೇಳಲು ಕಾನೂನಿನಲ್ಲಿ ದಾರಿ ಇದೆ ನಿಜ, ಆದರೆ ಒಬ್ಬೊಬ್ಬರ ಹಿಂದೆ ಅಲೆಯಬೇಕು.

"ಮಾರಾಟ ತಡೆಯೋಕೆ ಹೋಗಬೇಡಿ, ದುಡ್ಡು ಹಿಡಿಯಿರಿ" ಅಂದರು ನಮ್ಮ ವಕೀಲರು. ವಿಲ್‌ನಲ್ಲಿ ನಿರ್ಬಂಧ ಇಲ್ಲದಿದ್ದರೆ ಎಕ್ಸಿಕ್ಯೂಟರ್ ಜಮೀನು ಮಾರಬಹುದು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 307ನೇ ಸೆಕ್ಷನ್ ಹಾಗೆ ಹೇಳುತ್ತದೆ. ಕೋರ್ಟ್ ನೇಮಿಸಿದ ಅಡ್ಮಿನಿಸ್ಟ್ರೇಟರ್ ಆಗಿದ್ದರೆ ಮಾತ್ರ ಮೊದಲೇ ಕೋರ್ಟಿನ ಅನುಮತಿ ಬೇಕಿತ್ತು. ಆದರೆ ಯಾರೇ ಮಾರಲಿ, ಸಾಲ ತೀರಿಸಿದ ಮೇಲೆಯೇ ವಿಲ್‌ನಲ್ಲಿ ಬರೆದವರಿಗೆ ಪಾಲು.

ಎಕ್ಸಿಕ್ಯೂಟರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಕಳಿಸಿದೆವು. ಜೊತೆಗೆ ಬಿಲ್ಲುಗಳು, ಸಹಿ ಇದ್ದ ಹಾಳೆಯ ನಕಲು. ಕೊಳ್ಳುವವರಿಗೂ ಒಂದು ಪ್ರತಿ. ಒಪ್ಪದಿದ್ದರೆ ದಾವಾ ಹಾಕಿ, ತೀರ್ಪಿಗೆ ಮುಂಚೆಯೇ ಜಪ್ತಿ ಕೇಳಲು ಕಾಗದ ರೆಡಿ ಇತ್ತು. ಸುಮ್ನೆ ಅನುಮಾನ ಅಂದರೆ ಕೋರ್ಟ್ ಜಪ್ತಿ ಕೊಡುವುದಿಲ್ಲ. ವಸೂಲಿ ತಪ್ಪಿಸಲೆಂದೇ ಆಸ್ತಿ ಸಾಗಿಸುತ್ತಿದ್ದಾರೆ ಅಂತ ತೋರಿಸಬೇಕು.

ಅದರ ಅಗತ್ಯ ಬೀಳಲಿಲ್ಲ. ಕೊಳ್ಳುವವರೇ "ಬಾಕಿ ತೀರಿಸಿ, ಆಮೇಲೆ ರಿಜಿಸ್ಟ್ರಿ" ಅಂದುಬಿಟ್ಟರು. ಬ್ಯಾಂಕಿನ ಅಡಮಾನ ಮೊದಲು ತೀರಿತು. ಉಳಿದದ್ದರಲ್ಲಿ ಉತ್ತರಕ್ರಿಯೆಯ ಖರ್ಚು, ಕೋರ್ಟು ಖರ್ಚು. ಅದಾದ ಮೇಲೆ, ಸಾಯುವ ಹಿಂದಿನ 3 ತಿಂಗಳಲ್ಲಿ ದುಡಿದ ಆಳುಗಳ ಕೂಲಿ. ಅವರ ಬಟವಾಡೆಯೂ ನಿಂತಿತ್ತು. ನನಗಿಂತ ಮುಂಚೆ ಅವರಿಗೆ ಸಿಕ್ಕಿದ್ದು ನನಗೆ ನಿಜಕ್ಕೂ ಸಮಾಧಾನ ತಂದಿತು. ಆಮೇಲೆ ನಾನು, ಡೀಸೆಲ್ ಬಂಕಿನವರು ಎಲ್ಲ ಸಮ. ದುಡ್ಡು ಸಾಲದೆ ಬಂದಿದ್ದರೆ ಬಾಕಿಯ ಪ್ರಮಾಣದಲ್ಲಿ ಹಂಚಿಕೊಳ್ಳಬೇಕಿತ್ತು.

ಅಸಲು ಪೂರ್ತಿ ಬಂತು, ಬಡ್ಡಿ ನಾನೇ ಬಿಟ್ಟೆ. ದೊಡ್ಡ ಮಗ ಕೈಯಿಂದ ಸ್ವಲ್ಪ ಕೊಡಲು ಬಂದರು. ಅಪ್ಪನ ಆಸ್ತಿಯಿಂದ ಬಂದಷ್ಟಕ್ಕೆ ಮಾತ್ರ ಅವರ ಹೊಣೆ, ಹಾಗಾಗಿ ಬೇಡ ಅಂದೆ. ಪ್ರೊಬೇಟ್ ಸಿಕ್ಕ 1 ವರ್ಷದೊಳಗೆ ಎಕ್ಸಿಕ್ಯೂಟರ್ ಕೋರ್ಟಿಗೆ ಲೆಕ್ಕ ಒಪ್ಪಿಸಬೇಕು. ಅದಕ್ಕೆ ಸೇರಿಸಲು ನನ್ನ ರಸೀದಿಯನ್ನು ಕೇಳಿ ತೆಗೆದುಕೊಂಡರು.