ಬಾಣಂತಿ ಇರುವ ಮನೆಯಲ್ಲಿ ಪಾದರಸ ಸುಡುವುದು ಬೇಡ

ಟಾಂಜಾನಿಯಾದ ಗೇಟಾ ಕಡೆ ಚಿನ್ನದ ಗಣಿ ಊರುಗಳಲ್ಲಿ ಆರೋಗ್ಯ ಕೆಲಸ ಮಾಡುವವರಿಗೆ ಒಂದು ಮಾತು. ಚಿನ್ನದ ಪುಡಿಗೆ ಪಾದರಸ ಬೆರೆಸಿದ ಬೆಳ್ಳಿಬಣ್ಣದ ಉಂಡೆಯನ್ನು, ಚಿನ್ನ ಬೇರ್ಪಡಿಸಲೆಂದು, ಕೆಲವರು ಅಡುಗೆಯ ಒಲೆಯ ಮೇಲೆಯೇ ಸುಡುತ್ತಾರೆ. ಆಗ ಏಳುವ ಪಾದರಸದ ಆವಿ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ತಾಯಿ ಉಸಿರಾಡಿದ್ದರಲ್ಲಿ ಒಂದಿಷ್ಟು ಎದೆಹಾಲಿಗೂ ಇಳಿಯುತ್ತದೆ. ಸುಡಲೇಬೇಕಿದ್ದರೆ ಮನೆಯಿಂದ ದೂರ, ಬಯಲಿನಲ್ಲಿ, ಆವಿಯನ್ನು ಹಿಡಿದಿಡುವ ಮುಚ್ಚಿದ ರಿಟಾರ್ಟ್ ಪಾತ್ರೆಯಲ್ಲಿ ಸುಡಲಿ. ಬಾಣಂತಿ, ಮಕ್ಕಳು ಹತ್ತಿರ ಸುಳಿಯಬಾರದು. ಗಣಿ ಬಟ್ಟೆಯನ್ನು ಮಗುವಿನ ಬಟ್ಟೆಯ ಜೊತೆ ಒಗೆಯಬೇಡಿ ಎನ್ನಿ. ಚೆಲ್ಲಿದ ಪಾದರಸವನ್ನು ಪೊರಕೆಯಿಂದ ಗುಡಿಸಿದರೆ ಹನಿ ಇನ್ನಷ್ಟು ಸಿಡಿದು ಚೂರಾಗುತ್ತದೆ, ಗಟ್ಟಿ ಕಾಗದದಿಂದ ಒತ್ತರಿಸಿ ಎತ್ತಬೇಕು. ತಾಯಿ ತಿನ್ನುವ ಮೀನಿನಲ್ಲೂ ಪಾದರಸ ಇರಬಹುದು, ದೊಡ್ಡ ನೈಲ್ ಪರ್ಚ್‌ ಮೀನಿಗಿಂತ ಪುಟ್ಟ ಡಗಾ ಮೀನು ವಾಸಿ. ಹೆದರಿಸಿ ಹಾಲು ಬಿಡಿಸುವುದು ಮಾತ್ರ ತಪ್ಪು (ನಾನೂ ಮೊದಲು ಹೆದರಿಸುತ್ತಿದ್ದೆ). ಹಾಲು ಬಿಡಿಸಬೇಕೇ ಎಂಬುದನ್ನು ವೈದ್ಯರು ತಾಯಿಯನ್ನು ನೋಡಿಯೇ ಹೇಳಲಿ.